ಶುಗರ್ ಇಳಿದು ನಿಂತ ಬೆಕ್ಕನ್ನು ದತ್ತು ತರುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಬೆಕ್ಕಿಗೂ ಶುಗರ್ ಬರುತ್ತದೆ ಎಂದರೆ ನಮ್ಮಲ್ಲಿ ಅರ್ಧ ಜನ ನಗುತ್ತಾರೆ. ಇನ್ನರ್ಧ ಜನ "ದಿನಕ್ಕೆರಡು ಇಂಜೆಕ್ಷನ್ನಾ? ನಮ್ಮ ಕೈಲಾಗಲ್ಲಪ್ಪ" ಎಂದು ಕೈಮುಗಿಯುತ್ತಾರೆ. ಹಾಗಾಗಿ ದತ್ತು ಕೊಡುವವರ ಪಟ್ಟಿಯಲ್ಲಿ "ಮಧುಮೇಹ ಇತ್ತು, ಈಗ ಇನ್ಸುಲಿನ್ ಬೇಕಿಲ್ಲ" ಎಂಬ ಸಾಲು ಕಂಡೊಡನೆ ಬೆರಳು ಮುಂದಿನ ಮರಿಯ ಫೋಟೊಗೆ ಜಾರುತ್ತದೆ.

ಅಂಥ ಬೆಕ್ಕನ್ನು ಧಾರಾಳವಾಗಿ ತರಬಹುದು. ಹೆಚ್ಚಿನವು ಏಳೆಂಟು ವರ್ಷ ದಾಟಿದ, ಮನೆಯೊಳಗಿನ ಬದುಕಿಗೆ ಒಗ್ಗಿದ, ಪರದೆ ಹತ್ತುವ ವಯಸ್ಸು ಮುಗಿಸಿದ ಬೆಕ್ಕುಗಳು. ಒಂದು ವಿಷಯ ಮಾತ್ರ ಮೊದಲೇ ಗೊತ್ತಿರಲಿ. ಇನ್ಸುಲಿನ್ ಮಾಡುತ್ತಿದ್ದ ಕೆಲಸದ ದೊಡ್ಡ ಪಾಲನ್ನು ಈಗ ಅದರ ಊಟ ಮತ್ತು ತೂಕ ಹೊತ್ತುಕೊಂಡಿವೆ. ಮನೆ ಬದಲಾದಾಗ ಮೊದಲು ಏರುಪೇರಾಗುವುದೂ ಇವೆರಡೇ. ಈ ಮಾರ್ಗದರ್ಶಿಯ ಬಹುಪಾಲು ಅದನ್ನು ತಪ್ಪಿಸುವ ಬಗ್ಗೆಯೇ ಇದೆ.

ಮೊದಲು: ಈ ರೆಮಿಷನ್ ಎಂದರೆ ಏನು

ಬೆಕ್ಕಿನ ಮಧುಮೇಹ ಬಹುತೇಕ ಮನುಷ್ಯರ ಟೈಪ್ 2 ಇದ್ದ ಹಾಗೆ. ಬೊಜ್ಜು, ಓಡಾಟವಿಲ್ಲದ ಬದುಕು, ಸ್ಟಿರಾಯ್ಡ್ ಔಷಧಿ, ಹಲ್ಲಿನ ಅಥವಾ ಮೂತ್ರದ ಸೋಂಕು, ಇಂಥವುಗಳಿಂದ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಸಂತಾನಹರಣ ಮಾಡಿದ ಗಂಡು ಬೆಕ್ಕುಗಳಲ್ಲಿ ಅಪಾಯ ಹೆಚ್ಚು. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಆ ಸಕ್ಕರೆಯಿಂದಲೇ ಮಂಕಾಗುತ್ತವೆ. ಬೇಗ ಇನ್ಸುಲಿನ್ ಕೊಟ್ಟು, ಊಟ ಬದಲಿಸಿ ಸಕ್ಕರೆ ಇಳಿಸಿದರೆ ಆ ಕೋಶಗಳಲ್ಲಿ ಸಾಯದೆ ಉಳಿದವು ಚೇತರಿಸಿಕೊಂಡು ಮತ್ತೆ ಕೆಲಸಕ್ಕಿಳಿಯುತ್ತವೆ. ಇನ್ಸುಲಿನ್ ನಿಲ್ಲಿಸಿ ಕನಿಷ್ಠ ನಾಲ್ಕು ವಾರ ಸಕ್ಕರೆ ಸಹಜ ಮಟ್ಟದಲ್ಲೇ ನಿಂತರೆ, ರೋಗದ ಲಕ್ಷಣಗಳೂ ಇಲ್ಲದಿದ್ದರೆ, ವೈದ್ಯರು ರೆಮಿಷನ್ ಎನ್ನುತ್ತಾರೆ.

ಇದೇನೂ ಅಪರೂಪದ ಪವಾಡವಲ್ಲ. 2009ರಲ್ಲಿ ಪ್ರಕಟವಾದ ರೂಂಪ್ ಮತ್ತು ರ‍್ಯಾಂಡ್ ಅವರ ಅಧ್ಯಯನದಲ್ಲಿ, ಗ್ಲಾರ್ಜಿನ್ ಎಂಬ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಕೊಟ್ಟು ಮನೆಯಲ್ಲೇ ಬಿಗಿಯಾಗಿ ಸಕ್ಕರೆ ನೋಡಿಕೊಂಡ ಬೆಕ್ಕುಗಳಲ್ಲಿ ಶೇ. 64ರಷ್ಟು ರೆಮಿಷನ್‌ಗೆ ಬಂದವು. ರೋಗ ಗೊತ್ತಾಗಿ ಆರು ತಿಂಗಳೊಳಗೆ ಈ ಕ್ರಮ ಹಿಡಿದವುಗಳಲ್ಲಿ ಅದು ಶೇ. 84, ತಡವಾಗಿ ಹಿಡಿದವುಗಳಲ್ಲಿ ಶೇ. 35. ಇನ್ನೊಂದು ಮುಖವೂ ಇದೆ. 2015ರ ಒಂದು ಚಿಕ್ಕ ಅಧ್ಯಯನದಲ್ಲಿ ರೆಮಿಷನ್‌ನಲ್ಲಿದ್ದ ಬೆಕ್ಕುಗಳ ಪೈಕಿ ಹತ್ತಕ್ಕೆ ಮೂರರಷ್ಟು ಮತ್ತೆ ಮಧುಮೇಹಕ್ಕೆ ಜಾರಿದವು, ಉಳಿದವುಗಳಲ್ಲೂ ಹಲವಕ್ಕೆ ಗ್ಲೂಕೋಸನ್ನು ಸಂಭಾಳಿಸುವ ಶಕ್ತಿ ಪೂರ್ತಿ ಮರಳಿರಲಿಲ್ಲ. ಅಂದರೆ ಗ್ರಂಥಿ ಕೆಲಸ ಮಾಡುತ್ತಿದೆ, ಆದರೆ ಅದರ ಕೈಯಲ್ಲಿ ಮಿಗತೆ ಇಲ್ಲ.

ಹಂತ 1: ಬೆಕ್ಕನ್ನು ಮುದ್ದಿಸುವ ಮೊದಲು ಫೈಲು ಕೇಳಿ

ದತ್ತು ಕೊಡುವವರು ಪ್ರೀತಿಯಿಂದ ಹೇಳುವ ಕಥೆಗಿಂತ ಅವರ ಹತ್ತಿರವಿರುವ ಕಾಗದ ಮುಖ್ಯ. ರೋಗ ಪತ್ತೆಯಾದದ್ದು ಯಾವಾಗ, ಆಗ ತೂಕ ಎಷ್ಟಿತ್ತು, ಈಗ ಎಷ್ಟಿದೆ, ಯಾವ ಇನ್ಸುಲಿನ್ ಎಷ್ಟು ಯೂನಿಟ್ ಕೊಡುತ್ತಿದ್ದರು, ಕೊನೆಯ ಡೋಸ್ ಯಾವ ದಿನ, ಆಮೇಲೆ ನೋಡಿದ ಸಕ್ಕರೆ ಅಂಕಿಗಳು ಎಷ್ಟು, ಇವಿಷ್ಟು ಬರಹದಲ್ಲಿ ಬೇಕು. ಕೊನೆಯ ಡೋಸ್ ಆಗಿ ಹತ್ತೇ ದಿನವಾಗಿದ್ದರೆ ಅದನ್ನು ರೆಮಿಷನ್ ಎಂದು ಒಪ್ಪಿಕೊಳ್ಳಬೇಡಿ. "ಇನ್ನೊಂದು ತಿಂಗಳು ನಿಮ್ಮಲ್ಲೇ ಇರಲಿ, ಆಮೇಲೆ ಬರುತ್ತೇನೆ" ಎನ್ನಲು ಸಂಕೋಚ ಬೇಡ.

ಮಧುಮೇಹ ಬರಲು ಕಾರಣ ಏನಿತ್ತು ಎಂದೂ ಕೇಳಿ. ಚರ್ಮದ ತುರಿಕೆಗೋ ಬಾಯಿಹುಣ್ಣಿಗೋ ದೀರ್ಘಕಾಲ ಕೆಲಸ ಮಾಡುವ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿದ ಮೇಲೆ ಶುಗರ್ ಬಂದಿದ್ದರೆ, ಆ ಕಾರಣ ದೂರವಾಗಿರುವುದರಿಂದ ಮುಂದಿನ ದಾರಿ ತುಸು ಹಗುರ. ಆದರೆ ಆ ತುರಿಕೆ, ಆ ಬಾಯಿಹುಣ್ಣು ಈಗ ಹೇಗಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಇನ್ಸುಲಿನ್ ಪ್ರಮಾಣ ವಿಪರೀತ ಏರಿಸಬೇಕಾಗಿ ಬಂದಿತ್ತೇ? ಹಾಗಿದ್ದರೆ ಬೆಳವಣಿಗೆ ಹಾರ್ಮೋನ್ ಅತಿಯಾಗಿ ಸುರಿಯುವ ಆಕ್ರೋಮೆಗಲಿ ಇರಬಹುದೇ ಎಂದು ಐಜಿಎಫ್-1 ರಕ್ತಪರೀಕ್ಷೆ ಮಾಡಿಸಿದ್ದರೇ? ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಬಂದಿತ್ತೇ? ಕಿಡ್ನಿ ಹೇಗಿದೆ?

ಇನ್ನೊಂದು ಹೊಸ ಗೊಂದಲ. ಅಮೆರಿಕದಲ್ಲಿ 2022ರ ಕೊನೆಗೆ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ, 2023ರಲ್ಲಿ ವೆಲಾಗ್ಲಿಫ್ಲೋಜಿನ್ ದ್ರವಕ್ಕೆ ಬೆಕ್ಕುಗಳ ಮಧುಮೇಹದ ಔಷಧಿಯಾಗಿ ಅನುಮತಿ ಸಿಕ್ಕಿತು. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಇಂಜೆಕ್ಷನ್ ಇಲ್ಲ ಎಂದ ಮಾತ್ರಕ್ಕೆ ಇವುಗಳ ಮೇಲಿರುವ ಬೆಕ್ಕು ರೆಮಿಷನ್‌ನಲ್ಲಿದೆ ಎಂದಲ್ಲ, ಅದು ಚಿಕಿತ್ಸೆಯಲ್ಲಿದೆ. ಅಲ್ಲಿನ ಶೆಲ್ಟರುಗಳಿಂದ ಬೆಕ್ಕು ತರುವ ನಮ್ಮವರು "ಯಾವ ಔಷಧಿಯೂ ಇಲ್ಲವೇ, ಅಥವಾ ಇಂಜೆಕ್ಷನ್ ಮಾತ್ರ ಇಲ್ಲವೇ" ಎಂದು ಬಿಡಿಸಿ ಕೇಳಬೇಕು.

ಹಂತ 2: ನಿಮ್ಮ ವೈದ್ಯರನ್ನು ಮೊದಲೇ ಗೊತ್ತುಮಾಡಿ

ಬೆಕ್ಕು ಬಂದ ಮೇಲೆ ವೈದ್ಯರನ್ನು ಹುಡುಕುವುದಲ್ಲ. ನಾಯಿ, ದನ ನೋಡುವುದರಲ್ಲಿ ಪಳಗಿದ ಒಳ್ಳೆಯ ವೈದ್ಯರಿಗೂ ಬೆಕ್ಕಿನ ಮಧುಮೇಹ ಅಪರೂಪದ ಪ್ರಕರಣವಾಗಿರಬಹುದು. "ನೀವು ಬೆಕ್ಕಿಗೆ ಗ್ಲಾರ್ಜಿನ್ ಕೊಟ್ಟು ನೋಡಿಕೊಂಡಿದ್ದೀರಾ ಸಾರ್?" ಎಂದು ನೇರವಾಗಿ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬೆಂಗಳೂರಿನಲ್ಲಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಖಾಸಗಿ ಕ್ಲಿನಿಕ್ಕುಗಳೂ ಸಾಕಷ್ಟಿವೆ. ಚಿಕ್ಕ ಊರುಗಳಲ್ಲಿರುವವರು ಫೋನಿನಲ್ಲಿ ಸಲಹೆ ಕೊಡಲು ಒಪ್ಪುವ ಒಬ್ಬ ವೈದ್ಯರನ್ನು, ತುರ್ತಿಗೆ ರಾತ್ರಿ ತೆರೆದಿರುವ ಹತ್ತಿರದ ಆಸ್ಪತ್ರೆಯನ್ನು ಮುಂಚೆಯೇ ನೋಡಿಟ್ಟುಕೊಳ್ಳಿ.

ಮನೆಗೆ ತಂದ ಒಂದೆರಡು ವಾರದಲ್ಲಿ ಒಂದು ಪೂರ್ತಿ ತಪಾಸಣೆ ಆಗಲಿ: ರಕ್ತ, ಮೂತ್ರ, ಹಲ್ಲು, ತೂಕ, ಜೊತೆಗೆ ಫ್ರಕ್ಟೋಸಮೀನ್. ಈ ಕೊನೆಯದು ಯಾಕೆಂದರೆ, ಬೆಕ್ಕು ಹೆದರಿದಾಗ ಸಕ್ಕರೆ ಸರ್ರನೆ ಏರುತ್ತದೆ. ಆಟೋದ ಸದ್ದು, ಕ್ಲಿನಿಕ್ಕಿನಲ್ಲಿ ಬೊಗಳುವ ನಾಯಿ, ಮೇಜಿನ ಮೇಲೆ ಒತ್ತಿ ಹಿಡಿಯುವ ಕೈ ಇಷ್ಟೇ ಸಾಕು, ಆರೋಗ್ಯವಂತ ಬೆಕ್ಕಿನಲ್ಲೂ 300 ದಾಟಬಹುದು. ಆ ಒಂದು ಅಂಕಿ ನೋಡಿ "ಶುಗರ್ ವಾಪಸ್ ಬಂತು" ಎಂದು ಇನ್ಸುಲಿನ್ ಶುರು ಮಾಡಿದರೆ ಬೆಕ್ಕಿನ ಜೀವಕ್ಕೇ ಸಂಚಕಾರ. ಫ್ರಕ್ಟೋಸಮೀನ್ ಹಿಂದಿನ ಎರಡು ಮೂರು ವಾರಗಳ ಸರಾಸರಿಯ ಅಂದಾಜು ಕೊಡುತ್ತದೆ, ಆ ದಿನದ ಹೆದರಿಕೆ ಅದರಲ್ಲಿ ಕಾಣುವುದಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ಮೂರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆಯ ಜಾಗದಲ್ಲಿ ಬೆಕ್ಕಿಗೆ ಇದು.

ಫೈಲಿನ ಮುಖಪುಟದ ಮೇಲೆ ಕೆಂಪು ಇಂಕಿನಲ್ಲಿ ಬರೆಸಿ: "ಮಧುಮೇಹ ರೆಮಿಷನ್‌ನಲ್ಲಿದೆ, ಕೇಳದೆ ಸ್ಟಿರಾಯ್ಡ್ ಕೊಡಬಾರದು." ಮುಂದೊಮ್ಮೆ ನಿಮ್ಮ ವೈದ್ಯರು ರಜೆಯಲ್ಲಿದ್ದಾಗ, ಬೇರೆ ಯಾರೋ ತುರಿಕೆಗೆ ಒಂದು ಇಂಜೆಕ್ಷನ್ ಚುಚ್ಚಿ ಕಳಿಸುವುದನ್ನು ಇದೊಂದು ಸಾಲು ತಪ್ಪಿಸುತ್ತದೆ. ಆಸ್ತಮಾ, ಬಾಯಿಹುಣ್ಣು ಮುಂತಾದವಕ್ಕೆ ಬೇರೆ ದಾರಿಗಳಿವೆ, ಅವನ್ನು ಮೊದಲು ನೋಡಲಿ.

ಹಂತ 3: ಮೊದಲ ತಿಂಗಳು ಏನನ್ನೂ ಬದಲಿಸಬೇಡಿ

ಹೊಸ ಮನೆಗೆ ಬಂದ ಬೆಕ್ಕು ಮಂಚದ ಕೆಳಗೆ ಸೇರುವುದು ಸಹಜ. ಒಂದು ಚಿಕ್ಕ ಕೋಣೆ ಬಿಟ್ಟುಕೊಡಿ. ಹಿಂದಿನ ಮನೆಯ ಬಟ್ಟೆ, ಅದೇ ಲಿಟರ್ (ಬೆಕ್ಕಿನ ಮಲಮೂತ್ರದ ಡಬ್ಬಿಗೆ ಹಾಕುವ ಪುಡಿ), ಮುಖ್ಯವಾಗಿ ಅದೇ ಊಟ, ಅದೇ ಹೊತ್ತು, ಅದೇ ಅಳತೆ. ಕೊಡುವವರಿಂದ ಎರಡು ವಾರಕ್ಕಾಗುವಷ್ಟು ಅದೇ ಬ್ರಾಂಡಿನ ಆಹಾರವನ್ನು ಹಣ ಕೊಟ್ಟಾದರೂ ತೆಗೆದುಕೊಂಡು ಬನ್ನಿ.

ದಪ್ಪಗಿದ್ದ ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ "ಹಸಿವಾದಾಗ ತಿನ್ನುತ್ತೆ ಬಿಡು" ಎನ್ನಬೇಡಿ, ವೈದ್ಯರಿಗೆ ಫೋನ್ ಮಾಡಿ. ಉಪವಾಸ ಬಿದ್ದ ಬೆಕ್ಕಿನ ಪಿತ್ತಜನಕಾಂಗಕ್ಕೆ ಕೊಬ್ಬು ನುಗ್ಗಿ ಅದು ಕೆಟ್ಟುಹೋಗಬಹುದು. ಉಪವಾಸ ಮಾಡಿಸಿ ತೂಕ ಇಳಿಸುವ ಯೋಚನೆ ಬೆಕ್ಕಿನ ವಿಷಯದಲ್ಲಿ ಬೇಡವೇ ಬೇಡ.

ಈ ತಿಂಗಳ ನಿಮ್ಮ ಕೆಲಸ ಬರೆದಿಡುವುದು. ಎಷ್ಟು ತಿಂದಿತು, ಎಷ್ಟು ನೀರು ಕುಡಿಯಿತು, ದಿನಕ್ಕೆ ಎಷ್ಟು ಬಾರಿ ಮೂತ್ರ. ಮಾಮೂಲಿ ದಿನ ಹೇಗಿರುತ್ತದೆ ಎಂದು ಗೊತ್ತಿದ್ದರೆ ತಾನೇ ಕೆಟ್ಟ ದಿನ ಕಣ್ಣಿಗೆ ಬೀಳುವುದು. ಲಿಟರ್ ಬಾಕ್ಸಿಗೆ ಹೊಳೆಮರಳು ಹಾಕುವ ಅಭ್ಯಾಸವಿದ್ದರೆ ಬಿಡಿ, ಅದರಲ್ಲಿ ಎಲ್ಲ ಇಂಗಿಹೋಗುತ್ತದೆ. ಉಂಡೆ ಕಟ್ಟುವ ಬೆಂಟೊನೈಟ್ ಜೇಡಿಮಣ್ಣಾದರೆ ಉಂಡೆ ಎಣಿಸಬಹುದು, ನಿಂಬೆಹಣ್ಣಿನ ಗಾತ್ರದ್ದು ಕಿತ್ತಳೆ ಗಾತ್ರಕ್ಕೆ ಹೋದದ್ದು ಗೊತ್ತಾಗುತ್ತದೆ. ನೀರನ್ನು ಬೆಳಿಗ್ಗೆ ಅಳೆದು ಹಾಕಿ, ಮರುದಿನ ಉಳಿದದ್ದನ್ನು ಅಳೆಯಿರಿ. ನಾಲ್ಕು ಕೆಜಿಯ ಬೆಕ್ಕು ದಿನಕ್ಕೆ 200 ಮಿಲಿ ಮುಟ್ಟುತ್ತಿದ್ದರೆ ವಿಚಾರಿಸಬೇಕಾದ ಸಂಗತಿ. ಹಸಿ ಆಹಾರ (ಡಬ್ಬಿ, ಪೌಚುಗಳಲ್ಲಿ ಬರುವ ತೇವದ ಆಹಾರ, ಬೇಯಿಸದ ಮಾಂಸವಲ್ಲ) ತಿನ್ನುವ ಬೆಕ್ಕು ಅದರ ಹತ್ತಿರಕ್ಕೂ ಹೋಗುವುದಿಲ್ಲ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್‌ನಲ್ಲಿ ಈ ಲೆಕ್ಕ ಸ್ವಲ್ಪ ಮೇಲೆ ಕೆಳಗೆ ಆಗುತ್ತದೆ, ಅರ್ಧ ನೀರು ತಟ್ಟೆಯಿಂದಲೇ ಆವಿಯಾಗಿರುತ್ತದೆ.

ಹಂತ 4: ಊಟ

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಬೆಕ್ಕು ಶುದ್ಧ ಮಾಂಸಾಹಾರಿ. ನಮ್ಮ ಮನೆಗಳಲ್ಲಿ ಅದಕ್ಕೆ ತಲೆತಲಾಂತರದಿಂದ ಸಿಕ್ಕಿದ್ದು ಹಾಲು ಅನ್ನ, ಮೊಸರನ್ನ, ಮೀನಿನ ಸಾರು ಕಲಸಿದ ಅನ್ನ. ಇಲಿ ಹಿಡಿದು ತಿನ್ನುತ್ತಿದ್ದ ಹಳ್ಳಿಯ ಬೆಕ್ಕಿಗೆ ಅದು ನಡೆಯಿತು. ಫ್ಲಾಟಿನಲ್ಲಿ ಮಲಗಿರುವ, ಒಮ್ಮೆ ಶುಗರ್ ಬಂದು ಹೋದ ಬೆಕ್ಕಿಗೆ ಅನ್ನದ ಒಂದೊಂದು ಅಗುಳೂ ಬೇಡದ ಪಿಷ್ಟ. ಮನೆಯಲ್ಲಿ ಮಾಂಸ ಇಡುವುದೇ ಆಗದು ಎನ್ನುವವರು ಈ ಬೆಕ್ಕನ್ನು ತರದಿರುವುದೇ ಒಳ್ಳೆಯದು. ಸಸ್ಯಾಹಾರದ ಮೇಲೆ ಬೆಕ್ಕನ್ನು ಸಾಕಲು ಹೋಗಬಾರದು, ಇದನ್ನಂತೂ ಸರ್ವಥಾ ಬೇಡ.

ಬೇಕಾದದ್ದು ಪ್ರೋಟೀನ್ ಹೆಚ್ಚು, ಕಾರ್ಬೋಹೈಡ್ರೇಟ್ ಕಡಿಮೆ ಇರುವ ಹಸಿ ಆಹಾರ. ಶಕ್ತಿಯ ಲೆಕ್ಕದಲ್ಲಿ ಕಾರ್ಬ್ ಪಾಲು ಶೇ. 12ರೊಳಗೆ ಇರಲಿ ಎಂಬುದು ಸಾಮಾನ್ಯ ಸಲಹೆ. ಪ್ಯಾಕೆಟ್ ಮೇಲೆ ಕಾರ್ಬ್ ಎಷ್ಟೆಂದು ಬಹಳಷ್ಟು ಸಲ ಬರೆದಿರುವುದಿಲ್ಲ, ನಾವೇ ಲೆಕ್ಕ ಹಾಕಬೇಕು. ನೂರರಿಂದ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ (ಖನಿಜಾಂಶ) ಎಲ್ಲ ಕಳೆದರೆ ಉಳಿದದ್ದು ಕಾರ್ಬ್. ಬೂದಿಯ ಅಂಕಿ ಇಲ್ಲದಿದ್ದರೆ ಒಣ ಆಹಾರಕ್ಕೆ 8, ಹಸಿ ಆಹಾರಕ್ಕೆ 2 ಎಂದು ಹಿಡಿಯಿರಿ. ಆಮೇಲೆ ಪ್ರೋಟೀನ್ ಮತ್ತು ಕಾರ್ಬನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ.

ಒಂದು ಒಣ ಆಹಾರದಲ್ಲಿ ಪ್ರೋಟೀನ್ 32, ಕೊಬ್ಬು 12, ನಾರು 4, ತೇವಾಂಶ 10, ಬೂದಿ 8 ಎಂದಿಟ್ಟುಕೊಳ್ಳಿ. ಒಟ್ಟು 66, ಉಳಿದ ಕಾರ್ಬ್ 34. ಶಕ್ತಿ: 112 + 102 + 119 = 333. ಅದರಲ್ಲಿ ಕಾರ್ಬಿನ 119 ಎಂದರೆ ಶೇ. 36. ಈಗ ಒಂದು ಹಸಿ ಆಹಾರ: ಪ್ರೋಟೀನ್ 11, ಕೊಬ್ಬು 5, ನಾರು 1, ತೇವಾಂಶ 80, ಬೂದಿ 2. ಉಳಿದ ಕಾರ್ಬ್ ಬರೀ 1. ಶಕ್ತಿ 84.5ರಲ್ಲಿ 3.5, ಅಂದರೆ ಶೇ. 4. ಲೇಬಲ್ಲಿನ ಅಂಕಿಗಳು "ಕನಿಷ್ಠ", "ಗರಿಷ್ಠ" ಎಂದಿರುವುದರಿಂದ ಇದು ಅಂದಾಜೇ, ಆದರೆ ಆರಿಸಲು ಇಷ್ಟು ಸಾಕು. "ಧಾನ್ಯರಹಿತ" ಎಂಬ ದೊಡ್ಡ ಅಕ್ಷರಗಳಿಗೆ ಮರುಳಾಗಬೇಡಿ, ಧಾನ್ಯದ ಜಾಗದಲ್ಲಿ ಆಲೂಗಡ್ಡೆಯೋ ಬಟಾಣಿಯೋ ಕೂತಿರುತ್ತದೆ. ಗ್ರೇವಿ ಪೌಚುಗಳಲ್ಲಿ ಸಾರು ಗಟ್ಟಿಯಾಗಲು ಪಿಷ್ಟ ಸೇರಿಸಿರುತ್ತಾರೆ, ಮುದ್ದೆಯಂತಿರುವ "ಪಾಟೆ" (pâté) ಬಗೆಯದೇ ಮೇಲು.

ಬರೀ ಬೇಯಿಸಿದ ಕೋಳಿ ಕೊಟ್ಟರೆ ಸಾಲದೇ ಎಂದು ಕೇಳುವವರು ಬಹಳ. ಸಾಲದು. ಅದರಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇಲ್ಲ, ಬೇಯಿಸಿ ನೀರು ಚೆಲ್ಲಿದರೆ ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಎಂಬ ಪೋಷಕಾಂಶವೂ ಹೋಗುತ್ತದೆ. ದಿನದ ಊಟದ ಹತ್ತನೇ ಒಂದು ಪಾಲಿನಷ್ಟು, ಬಹುಮಾನದಂತೆ ಕೊಡಬಹುದು. ಕರಾವಳಿಯವರು ಉಪ್ಪು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಸೋಕಿಸದೆ ಬೇಯಿಸಿದ ಭೂತಾಯಿ ಮೀನಿನ ಒಂದು ತುಂಡು ಕೊಟ್ಟರೆ ಬೆಕ್ಕು ನಿಮ್ಮದೇ. ಹಸಿ ಭೂತಾಯಿ ಬೇಡ, ಅದರಲ್ಲಿ ಬಿ1 ವಿಟಮಿನ್ ಕೆಡಿಸುವ ಕಿಣ್ವವಿದೆ. ಕಿಡ್ನಿ ಸೋತ ಬೆಕ್ಕಾದರೆ ಪ್ರೋಟೀನ್, ರಂಜಕದ ಲೆಕ್ಕವನ್ನು ವೈದ್ಯರೇ ಹಾಕಬೇಕು.

ತೂಕವನ್ನು ಎರಡು ವಾರಕ್ಕೊಮ್ಮೆ ನೋಡಿ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿ ಹತ್ತುವ ಉಪಾಯದಲ್ಲಿ ನೂರಿನ್ನೂರು ಗ್ರಾಂ ಆಚೀಚೆ ಆಗುತ್ತದೆ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಗೆ ಬೆಕ್ಕಿನ ಕ್ಯಾರಿಯರ್ ಸಿಕ್ಕಿಸಿ, ಖಾಲಿ ಕ್ಯಾರಿಯರಿನ ತೂಕ ಕಳೆಯಿರಿ. ಇಳಿಸಬೇಕಿದ್ದರೆ ವಾರಕ್ಕೆ ದೇಹತೂಕದ ಶೇ. 0.5ರಿಂದ 1 ಸಾಕು. ಐದು ಕೆಜಿಯ ಬೆಕ್ಕಿಗೆ ಅದು 25ರಿಂದ 50 ಗ್ರಾಂ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಯೋಜನೆ ಕೆಡಿಸುವವರು ಯಾರು ಗೊತ್ತೇ? ಅಜ್ಜಿ. "ಪಾಪ, ಮೂಕಪ್ರಾಣಿ, ಹೇಗೆ ನೋಡ್ತಿದೆ ನೋಡು" ಎಂದು ಒಂದು ಲೋಟ ಹಾಲು. ಅಜ್ಜಿ ಇಲ್ಲದ ಮನೆಯಲ್ಲಿ ಎದುರು ಮನೆಯವರು, ಸೆಕ್ಯುರಿಟಿ ಅಣ್ಣ. ಗದರಿದರೆ ಕದ್ದು ಕೊಡುತ್ತಾರೆ. ಅದರ ಬದಲು ದಿನದ ಪಾಲಿನಿಂದಲೇ ಒಂದು ಸಣ್ಣ ಡಬ್ಬಿಯಲ್ಲಿ ಫ್ರೀಜ್ ಡ್ರೈ ಕೋಳಿ ಚೂರು ತೆಗೆದಿಟ್ಟು "ಅಜ್ಜಿ, ಸಂಜೆ ಇದನ್ನು ನೀವೇ ಕೊಡಿ" ಎಂದು ಜವಾಬ್ದಾರಿ ವಹಿಸಿ. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಒಣ ಆಹಾರದ ಬಟ್ಟಲು ದಿನವಿಡೀ ತೆರೆದಿರಬಾರದು, ಎಲ್ಲಕ್ಕೂ ಹೊತ್ತು ಹೊತ್ತಿಗೆ ಬೇರೆ ಬೇರೆ ಕಡೆ ಊಟ.

ಹಂತ 5: ಮನೆಯಲ್ಲೇ ಸಕ್ಕರೆ ನೋಡುವುದು

ಕೇಳಲು ಭಯ, ಮಾಡಲು ಸುಲಭ. ಬೆಕ್ಕಿನ ಕಿವಿಯ ಅಂಚಿನಲ್ಲಿ ಒಂದು ಸಣ್ಣ ರಕ್ತನಾಳ ಓಡುತ್ತದೆ. ಟಾರ್ಚನ್ನು ಹಿಂದಿನಿಂದ ಹಿಡಿದರೆ ಕಾಣುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅರ್ಧ ನಿಮಿಷ ಕಿವಿಗೆ ಒತ್ತಿ ಹಿಡಿಯಿರಿ, ಕಿವಿ ಬೆಚ್ಚಗಾಗದೆ ರಕ್ತ ಬರುವುದಿಲ್ಲ. ಕಿವಿಯ ಹಿಂದೆ ಹತ್ತಿಯುಂಡೆ ಇಟ್ಟು, ನಾಳ ಮತ್ತು ಅಂಚಿನ ನಡುವಿನ ಜಾಗದಲ್ಲಿ ಲ್ಯಾನ್ಸೆಟ್ (ರಕ್ತದ ಹನಿ ತೆಗೆಯುವ ಪುಟ್ಟ ಸೂಜಿ) ಚುಚ್ಚಿ. ಸಾಸಿವೆಗಿಂತ ಚಿಕ್ಕ ಹನಿ ಸಾಕು, ಗ್ಲುಕೋಮೀಟರಿನ ಸ್ಟ್ರಿಪ್ ತಾನೇ ಹೀರಿಕೊಳ್ಳುತ್ತದೆ. ಹತ್ತಿಯಿಂದ ಕೆಲ ಸೆಕೆಂಡು ಒತ್ತಿ ಹಿಡಿದು, ತಕ್ಷಣ ಆ ಕೋಳಿ ಚೂರು ಕೊಡಿ. ಮೊದಲ ವಾರ ಚುಚ್ಚದೆ ಬರೀ ಕಿವಿ ಬೆಚ್ಚಗೆ ಮಾಡಿ ತಿನಿಸು ಕೊಡುತ್ತಾ ಬನ್ನಿ. ಲ್ಯಾನ್ಸೆಟ್ ಡಬ್ಬಿಯ ಸದ್ದಿಗೆ ತಾನೇ ಓಡಿಬಂದು ಕೂರುವ ಬೆಕ್ಕುಗಳಿವೆ.

ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೆಂದೇ ಇರುವ ಆಲ್ಫಾಟ್ರ್ಯಾಕ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮನೆಯಲ್ಲಿರುವುದೇ ಆಗಲಿ, ಆದರೆ ಯಾವಾಗಲೂ ಅದೊಂದೇ ಮೀಟರ್. ಕ್ಲಿನಿಕ್ಕಿನಲ್ಲಿ ರಕ್ತ ತೆಗೆದ ದಿನ ಅದೇ ಹೊತ್ತಿಗೆ ಇದರಲ್ಲೂ ನೋಡಿ ಪ್ರಯೋಗಾಲಯದ ಅಂಕಿಯ ಪಕ್ಕ ಬರೆದಿಟ್ಟರೆ ವ್ಯತ್ಯಾಸ ಎಷ್ಟೆಂದು ತಿಳಿಯುತ್ತದೆ.

ಮೊದಲ ಮೂರು ತಿಂಗಳು ವಾರಕ್ಕೊಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ, ಬೆಳಗಿನ ಊಟಕ್ಕೆ ಮುಂಚೆ. ಶಾಂತವಾಗಿರುವ ಬೆಕ್ಕಿಗೆ 70ರಿಂದ 120ರ ಆಸುಪಾಸು ನೆಮ್ಮದಿಯ ಅಂಕಿ. 150 ದಾಟಿದರೆ ಮರುದಿನ ಮತ್ತೆ ನೋಡಿ. ಎರಡು ಮೂರು ದಿನ ಹಾಗೇ ನಿಂತರೆ ವೈದ್ಯರಿಗೆ ತಿಳಿಸಿ. 200 ದಾಟಿ ನಿಂತರೆ ಕಾಯಬೇಡಿ. ಮೂತ್ರದ ಸ್ಟ್ರಿಪ್ ಮಾತ್ರ ನಂಬಿ ಕೂತರೆ ತಡವಾಗುತ್ತದೆ: ರಕ್ತದಲ್ಲಿ ಸುಮಾರು 250 ದಾಟುವವರೆಗೆ ಬೆಕ್ಕಿನ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಳ್ಳುವುದಿಲ್ಲ. ಲಿಟರ್ ಬಾಕ್ಸಿಗೆ ಇರುವೆ ಮುತ್ತಿದ್ದು ಕಂಡರೆ ಆ ಗಡಿ ದಾಟಿಯಾಗಿದೆ ಎಂದೇ ಶಂಕಿಸಿ.

ಹಂತ 6: ಮತ್ತೆ ಜಾರಿದರೆ

ನೀರು ಹೆಚ್ಚು, ಮೂತ್ರ ಹೆಚ್ಚು, ತಿಂದರೂ ತೂಕ ಇಳಿಯುವುದು, ಹಿಂಗಾಲಿನ ಹಿಮ್ಮಡಿ ನೆಲಕ್ಕೂರಿ ನಡೆಯುವುದು, ಇವು ಲಕ್ಷಣಗಳು. ಜಾರಿದ್ದಕ್ಕೆ ಕಾರಣ ಹುಡುಕಿ: ಹಲ್ಲು ಕೊಳೆತಿದೆಯೇ, ಮೂತ್ರದ ಸೋಂಕೇ, ಯಾರಾದರೂ ಸ್ಟಿರಾಯ್ಡ್ ಕೊಟ್ಟರೇ, ತೂಕ ಏರಿತೇ. ವಾಂತಿ, ಊಟ ಬಿಡುವುದು, ನಿತ್ರಾಣ, ಬಾಯಲ್ಲಿ ನೇಲ್ ಪಾಲಿಶ್ ರಿಮೂವರಿನಂಥ ವಾಸನೆ ಇದ್ದರೆ ಅದು ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರಿ ಜೀವಕ್ಕೆ ಕುತ್ತು ತರುವ ಸ್ಥಿತಿ) ಇರಬಹುದು. ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಹಿಂದಿನ ಮನೆಯವರು ಕೊಟ್ಟ ಹಳೆಯ ಇನ್ಸುಲಿನ್ ಬಾಟಲಿ ಫ್ರಿಜ್ಜಿನಲ್ಲಿದ್ದರೆ ಅದನ್ನು ನೀವೇ ಚುಚ್ಚಲು ಹೋಗಬೇಡಿ. ವೈದ್ಯರು ಮತ್ತೆ ಇನ್ಸುಲಿನ್ ಬರೆದುಕೊಟ್ಟಾಗ ನಮ್ಮ ದೇಶದ್ದೇ ಆದ ಒಂದು ಅಪಾಯವಿದೆ. ಇಲ್ಲಿ ಮನುಷ್ಯರ ಇನ್ಸುಲಿನ್ ವಯಲುಗಳು ಹೆಚ್ಚಾಗಿ ಮಿಲಿಗೆ 40 ಯೂನಿಟ್‌ನವು, ಅವಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಲ್ಯಾಂಟಸ್, ಬೆಂಗಳೂರಿನ ಬಯೋಕಾನ್‌ನ ಬೇಸಲಾಗ್ ಮುಂತಾದ ಗ್ಲಾರ್ಜಿನ್‌ಗಳು ಮಿಲಿಗೆ 100 ಯೂನಿಟ್, ಅವಕ್ಕೆ ಕಿತ್ತಳೆ ಮುಚ್ಚಳ. ಮೆಡಿಕಲ್ ಶಾಪಿನವರು ಕೈಗೆ ಸಿಕ್ಕಿದ ಕೆಂಪು ಸಿರಿಂಜ್ ಕೊಟ್ಟು, ನೀವು ಅದರಲ್ಲಿ ಒಂದು ಗೆರೆ ಗ್ಲಾರ್ಜಿನ್ ಎಳೆದರೆ ಬೆಕ್ಕಿಗೆ ಹೋಗುವುದು ಒಂದಲ್ಲ, ಎರಡೂವರೆ ಯೂನಿಟ್. ನಾಲ್ಕು ಕೆಜಿಯ ಜೀವಕ್ಕೆ ಅದು ಸಣ್ಣ ತಪ್ಪಲ್ಲ. ಅರ್ಧ ಯೂನಿಟ್ ಗೆರೆಗಳಿರುವ ಕಿತ್ತಳೆ ಮುಚ್ಚಳದ ಸಿರಿಂಜನ್ನೇ ಕೇಳಿ ತನ್ನಿ.

ಇನ್ಸುಲಿನ್ ಶುರುವಾದ ದಿನದಿಂದ ಊಟದಲ್ಲಿ ಇದ್ದಕ್ಕಿದ್ದಂತೆ ಕಾರ್ಬ್ ಕಡಿತ ಮಾಡಬೇಡಿ, ಡೋಸ್ ಇಳಿಸದೆ ಊಟ ಬದಲಿಸಿದರೆ ಸಕ್ಕರೆ ಕುಸಿಯುತ್ತದೆ. ಅಡುಗೆಮನೆಯಲ್ಲಿ ಜೇನುತುಪ್ಪ ಕೈಗೆಟುಕುವ ಕಡೆ ಇರಲಿ. ಬೆಕ್ಕು ತೂರಾಡಿದರೆ, ನಡುಗಿದರೆ ಒಸಡಿಗೆ ಸವರಿ ವೈದ್ಯರತ್ತ ಹೊರಡಬೇಕು. ಬೇಗ ಹಿಡಿದ ಬೆಕ್ಕುಗಳಲ್ಲಿ ಕೆಲವು ಎರಡನೇ ಸಲವೂ ರೆಮಿಷನ್‌ಗೆ ಬರುತ್ತವೆ, ಮೊದಲ ಸಲದಷ್ಟು ಸುಲಭವಾಗಿ ಅಲ್ಲ.

ಊರಿಗೆ ಹೋಗುವಾಗ ಬೆಕ್ಕನ್ನು ಬೋರ್ಡಿಂಗಿಗೆ ಬಿಡುವುದಕ್ಕಿಂತ ಮನೆಗೇ ಒಬ್ಬರನ್ನು ಕರೆಸುವುದು ಮೇಲು. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ: ಯಾವ ಆಹಾರ, ಎಷ್ಟು ಗ್ರಾಂ, ಯಾವ ಹೊತ್ತಿಗೆ, ಹಾಲು ಅನ್ನ ಬೇಡ, ಊಟ ಬಿಟ್ಟರೆ ಅದೇ ದಿನ ಫೋನ್ ಮಾಡಬೇಕಾದ ವೈದ್ಯರ ಹೆಸರು, ನಂಬರು. ಬಂದವರ ಎದುರಿಗೇ ಒಂದು ಹೊತ್ತಿನ ಊಟ ತೂಗಿ ತೋರಿಸಿ, ಇನ್ನೊಂದು ಹೊತ್ತಿನದನ್ನು ಅವರಿಂದಲೇ ತೂಗಿಸಿ, ಆಮೇಲೆ ಬಸ್ಸು ಹತ್ತಿ.